ಗೆದ್ದ ದಿನ ಸಹಿ ಬಿದ್ದ ಕಾಗದ

(ವೃತ್ತಿಪರ ಕ್ರೀಡಾ ಕ್ಲಬ್‌ಗಳ ಆಡಳಿತ ಕುರಿತ ಉಪನ್ಯಾಸದ ಬರಹ ರೂಪ)

ನಾಯಕತ್ವ ಎಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ವಿರಾಮದ ಹೊತ್ತಿನಲ್ಲಿ ಡ್ರೆಸ್ಸಿಂಗ್ ರೂಮಿನಲ್ಲಿ ಗುಡುಗುವ ಕೋಚ್. ಆ ವಿಷಯ ಇವತ್ತು ಬೇಡ. ಇಲ್ಲಿ ಮಾತಾಡಬೇಕಿರುವುದು ಅಧ್ಯಕ್ಷರು, ಸಿಇಒ, ಹಣಕಾಸು ನೋಡಿಕೊಳ್ಳುವವರು, ಕ್ರೀಡಾ ನಿರ್ದೇಶಕರು ಇವರೆಲ್ಲ ಒಂದು ಮೇಜಿನ ಸುತ್ತ ಕೂತು ಮಾಡುವ ಕೆಲಸದ ಬಗ್ಗೆ. ತಂಡ ಸೋಲುವುದನ್ನು ಇವರ್ಯಾರೂ ತಡೆಯಲಾರರು. ಚೆಂಡು ಗೋಲುಕಂಬಕ್ಕೆ ಬಡಿದು ಹೊರಗೆ ಹೋದರೆ ಅದಕ್ಕೆ ಆಡಳಿತ ಮಂಡಳಿಯ ನಿರ್ಣಯದಲ್ಲಿ ಮದ್ದಿಲ್ಲ. ಆದರೆ ಸೋತ ಮೇಲೂ ಕ್ಲಬ್ ಉಳಿಯುತ್ತದೋ ಮುಳುಗುತ್ತದೋ ಎಂಬುದು ಬಹುಮಟ್ಟಿಗೆ ಇವರ ಕೈಯಲ್ಲಿದೆ. ಅದು ತೀರ್ಮಾನವಾಗುವುದು ಎರಡು ಮೂರು ವರ್ಷ ಮೊದಲೇ, ಎಲ್ಲರೂ ಖುಷಿಯಲ್ಲಿದ್ದಾಗ ಸಹಿ ಬಿದ್ದ ಕಾಗದಗಳಲ್ಲಿ.

ಉದಾಹರಣೆಗಳನ್ನೆಲ್ಲ ಫುಟ್‌ಬಾಲ್‌ನಿಂದಲೇ ಕೊಡುತ್ತೇವೆ. ಬಡ್ತಿ (ಮೇಲಿನ ದರ್ಜೆಗೆ ಏರುವುದು), ಹಿಂಬಡ್ತಿ (ಕೆಳಗಿನ ದರ್ಜೆಗೆ ಇಳಿಯುವುದು) ಇರುವ ಲೀಗುಗಳಲ್ಲಿ ಏಳುಬೀಳು ಜಾಸ್ತಿ, ಅನೇಕ ಕ್ಲಬ್‌ಗಳ ಲೆಕ್ಕಪತ್ರವೂ ಬಹಿರಂಗವಾಗಿ ಸಿಗುತ್ತದೆ. ಹಿಂಬಡ್ತಿಯೇ ಇಲ್ಲದ ಲೀಗಿನವರು ಆ ಪದ ಬಂದಲ್ಲೆಲ್ಲ ‘ಮುಖ್ಯ ಪ್ರಾಯೋಜಕರು ಕೈಬಿಟ್ಟರೆ’ ಎಂದು ಓದಿಕೊಳ್ಳಬಹುದು. ಲೆಕ್ಕ ಹೆಚ್ಚು ಕಡಿಮೆ ಅದೇ.

ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ 2001ರಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿತು. ಅದೇ ವರ್ಷ ಮುಂದಿನ 25 ವರ್ಷಗಳ ಟಿಕೆಟ್ ಆದಾಯವನ್ನು ಆಧಾರವಾಗಿಟ್ಟು ಸುಮಾರು 6 ಕೋಟಿ ಪೌಂಡ್ ಸಾಲ ಎತ್ತಿತು. ಲೆಕ್ಕಾಚಾರ ಸರಳವಾಗಿತ್ತು: ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ, ಆ ದುಡ್ಡಿನಲ್ಲಿ ಸಾಲ ತೀರುತ್ತದೆ. ಆ ವರ್ಷ ಲೀಗಿನಲ್ಲಿ ತಂಡ 4ನೇ ಸ್ಥಾನಕ್ಕೆ ನಿಂತಿತು, ಅರ್ಹತೆ ಇದ್ದದ್ದು ಮೊದಲ 3 ತಂಡಗಳಿಗೆ. ಮರುವರ್ಷ 5ನೇ ಸ್ಥಾನ. 2002ರಲ್ಲಿ ರಿಯೊ ಫರ್ಡಿನಂಡ್ ಅವರನ್ನು ಮಾರಬೇಕಾಯಿತು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಹೊರಟರು. 2004ರಲ್ಲಿ ಹಿಂಬಡ್ತಿ, ಕ್ರೀಡಾಂಗಣ ಮಾರಾಟ. 2007ರಲ್ಲಿ ದಿವಾಳಿ ಪ್ರಕ್ರಿಯೆ, 10 ಅಂಕ ಕಡಿತ, ಮೂರನೇ ದರ್ಜೆ. ಮತ್ತೊಂದು ದಂಡದಿಂದಾಗಿ ಅಲ್ಲಿನ ಮೊದಲ ಋತು ಶುರುವಾದದ್ದೇ ಮೈನಸ್ 15 ಅಂಕಗಳಿಂದ. ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಮರಳಿದ್ದು 2020ರಲ್ಲಿ. ಈ ಕಥೆಯನ್ನು ದುರಾಸೆಯ ಕಥೆ ಎಂದು ಹೇಳಿ ಮುಗಿಸುವವರಿದ್ದಾರೆ. ನಮ್ಮ ಪ್ರಕಾರ ಅದು ಬಜೆಟ್ಟಿನ ಒಂದೇ ಒಂದು ಸಾಲಿನ ಕಥೆ: ಬರಬಹುದಾದ ಹಣವನ್ನು ಬಂದೇ ಬರುವ ಹಣ ಎಂದು ಬರೆದದ್ದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ವ್ಯವಹಾರಕ್ಕೆ ಸಾಲದು. ಇಲ್ಲಿ ಹಾಸಿಗೆಯೇ ವರ್ಷಕ್ಕೊಮ್ಮೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಕಾಲು ಮಾತ್ರ ನಾಲ್ಕೈದು ವರ್ಷದ ಒಪ್ಪಂದದಲ್ಲಿ ಚಾಚಿಕೊಂಡೇ ಇರುತ್ತದೆ.

ಅಂಕಿಗಳಲ್ಲಿ ನೋಡೋಣ. ಇದು ಲೆಕ್ಕ ಅರ್ಥವಾಗಲೆಂದು ಮಾಡಿಕೊಂಡ ಮಾದರಿ. ಒಂದು ಕ್ಲಬ್ಬಿನ ವರ್ಷದ ಆದಾಯ 100 ಎಂದಿಟ್ಟುಕೊಳ್ಳಿ: ಪ್ರಸಾರ ಹಕ್ಕಿನಿಂದ 50, ಪ್ರಾಯೋಜಕತ್ವ ಮತ್ತು ಮಾರಾಟದಿಂದ 28, ಪಂದ್ಯದ ದಿನದ ಗಳಿಕೆ 22. ಖರ್ಚಿನಲ್ಲಿ ಆಟಗಾರರ ಸಂಬಳ 52, ಉಳಿದ ಸಿಬ್ಬಂದಿಗೆ 13, ಕ್ರೀಡಾಂಗಣ, ಪ್ರಯಾಣ, ಅಕಾಡೆಮಿ ಇತ್ಯಾದಿಗೆ 25, ಹಿಂದೆ ಕೊಂಡ ಆಟಗಾರರ ಟ್ರಾನ್ಸ್‌ಫರ್ ಕಂತು 8. ಒಟ್ಟು 98. ಕೈಯಲ್ಲಿ 2 ಉಳಿಯಿತು, ಎಲ್ಲರಿಗೂ ಸಮಾಧಾನ. ಈಗ ಹಿಂಬಡ್ತಿಯಾಯಿತು. ಪ್ರಸಾರ ಹಣ 22ಕ್ಕೆ ಇಳಿಯುತ್ತದೆ, ಪ್ರಾಯೋಜಕರು 20 ಕೊಡುತ್ತಾರೆ, ಗೇಟಿನಲ್ಲಿ 16 ಬರುತ್ತದೆ. ಆದಾಯ 58. ಖರ್ಚಿನಲ್ಲಿ ಎಷ್ಟೇ ಹಿಂಡಿದರೂ ಆ 25 ಅನ್ನು 21 ಮಾಡಬಹುದು. ಸಿಬ್ಬಂದಿ ಸಂಬಳ, ಕಂತು ಹಾಗೇ ಇರುತ್ತವೆ. ಒಟ್ಟು ಖರ್ಚು 94. ಕೊರತೆ 36.

ಆಟಗಾರರ ಒಪ್ಪಂದಗಳಲ್ಲಿ ಹಿಂಬಡ್ತಿಯಾದರೆ ಸಂಬಳ ತಾನಾಗಿಯೇ ಶೇ 40 ಇಳಿಯುವ ಷರತ್ತು ಇದ್ದಿದ್ದರೆ? 52ರಲ್ಲಿ ಸುಮಾರು 21 ಕಡಿಮೆಯಾಗುತ್ತದೆ, ಕೊರತೆ 15ಕ್ಕೆ ಬರುತ್ತದೆ. ಇಬ್ಬರು ಆಟಗಾರರನ್ನು ಒಳ್ಳೆಯ ಬೆಲೆಗೆ ಮಾರಿದರೆ ದಾಟಬಹುದಾದ ಹಳ್ಳ ಅದು. 36 ದಾಟುವುದಕ್ಕೆ ಅರ್ಧ ತಂಡ ಮಾರಬೇಕು. ಮಾರಲೇಬೇಕಾದ ಗತಿ ಬಂದಿದೆ ಎಂದು ಮಾರುಕಟ್ಟೆಗೆ ಗೊತ್ತಾದ ಕೂಡಲೇ ಬೆಲೆಯೂ ಬೀಳುತ್ತದೆ.

ಈ ಷರತ್ತು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಏಜೆಂಟರು ಸುಮ್ಮನೆ ಒಪ್ಪುವುದಿಲ್ಲ. ಪ್ರತಿಯಾಗಿ ಅವರು ಕೇಳುವುದು ಸಾಮಾನ್ಯವಾಗಿ ಎರಡರಲ್ಲೊಂದು: ಬಡ್ತಿ ಸಿಕ್ಕರೆ ಅಷ್ಟೇ ಪ್ರಮಾಣದ ಏರಿಕೆ, ಇಲ್ಲವೇ ಹಿಂಬಡ್ತಿಯಾದರೆ ಇಂತಿಷ್ಟು ಬೆಲೆಗೆ ಬಿಟ್ಟುಕೊಡಬೇಕೆಂಬ ಬಿಡುಗಡೆ ಮೊತ್ತ. ಮೊದಲನೆಯದನ್ನು ಧಾರಾಳವಾಗಿ ಕೊಡಿ, ಬಡ್ತಿ ಸಿಕ್ಕ ವರ್ಷ ದುಡ್ಡೂ ಬಂದಿರುತ್ತದೆ. ಎರಡನೆಯದರಲ್ಲಿ ಎಚ್ಚರ ಬೇಕು. ಅತ್ಯುತ್ತಮ ಐದಾರು ಆಟಗಾರರಿಗೆ ಕಡಿಮೆ ಬಿಡುಗಡೆ ಮೊತ್ತ ಬರೆದುಕೊಟ್ಟರೆ ಹಿಂಬಡ್ತಿಯಾದ ವಾರವೇ ಅವರು ಅಗ್ಗಕ್ಕೆ ಹೋಗುತ್ತಾರೆ, ಯಾರಿಗೂ ಬೇಡವಾದ ದುಬಾರಿ ಆಟಗಾರರು ನಿಮ್ಮಲ್ಲೇ ಉಳಿಯುತ್ತಾರೆ. ಮತ್ತೆ ಮತ್ತೆ ಕಾಣುವ ಇನ್ನೊಂದು ತಪ್ಪು: ಹೊಸದಾಗಿ ಸೇರುವವರ ಒಪ್ಪಂದದಲ್ಲಿ ಷರತ್ತು ಇರುತ್ತದೆ, ಋತುವಿನ ನಡುವೆ ಗೆಲುವಿನ ಅಮಲಿನಲ್ಲಿ ನವೀಕರಿಸಿದ ಹಳಬರ ಒಪ್ಪಂದದಲ್ಲಿ ಇರುವುದಿಲ್ಲ. ಮೇಲಿನ ಮಾದರಿಯಲ್ಲಿ ಅರ್ಧ ಸಂಬಳಕ್ಕೆ ಮಾತ್ರ ಷರತ್ತು ಅನ್ವಯಿಸಿದರೆ ಕೊರತೆ 26ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ನವೀಕರಣದ ಕಡತದ ಮೊದಲ ಪುಟದಲ್ಲೇ ‘ಹಿಂಬಡ್ತಿ ಷರತ್ತು ಇದೆ / ಇಲ್ಲ’ ಎಂಬ ಸಾಲಿರಲಿ. ಇಲ್ಲ ಎಂದಾದರೆ ಅದಕ್ಕೆ ಇಡೀ ಮಂಡಳಿಯ ಒಪ್ಪಿಗೆ ಬೇಕು, ಅಧ್ಯಕ್ಷರೊಬ್ಬರ ಸಹಿ ಸಾಲದು.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನಿಂದ ಇಳಿದ ಕ್ಲಬ್ಬಿಗೆ ‘ಪ್ಯಾರಾಚೂಟ್’ ಹಣ ಸಿಗುತ್ತದೆ. ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವ ಪ್ರಸಾರ ಹಣದ ಒಂದು ಪಾಲಿನಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20. ಒಂದೇ ಋತು ಆಡಿ ಇಳಿದವರಿಗೆ ಮೂರನೆಯದು ಇಲ್ಲ. ಈ ಹಣ ಇದೆ ಎಂಬ ಧೈರ್ಯದಲ್ಲಿ ಮೊದಲ ವರ್ಷ ಸಂಬಳ ಇಳಿಸದೆ ‘ಒಂದೇ ವರ್ಷದಲ್ಲಿ ಮೇಲೆ ಬರುತ್ತೇವೆ’ ಎಂದು ಜೂಜಾಡಿದ ಕೆಲವು ಕ್ಲಬ್‌ಗಳು ಮೂರನೇ ವರ್ಷಕ್ಕೆ ನಿಜವಾಗಿ ಬಿದ್ದವು.

ಇನ್ನು ನಗದು. ಲಾಭ ನಷ್ಟದ ಪಟ್ಟಿ ಬೇರೆ, ಬ್ಯಾಂಕಿನಲ್ಲಿರುವ ದುಡ್ಡು ಬೇರೆ. ಕ್ಲಬ್‌ಗಳ ನಗದಿಗೆ ಒಂದು ವಿಚಿತ್ರ ಗುಣ ಇದೆ: ಸೀಸನ್ ಟಿಕೆಟ್ ಹಣವೆಲ್ಲ ಋತು ಶುರುವಾಗುವ ಮುನ್ನವೇ ಬಂದುಬಿಡುತ್ತದೆ, ಖರ್ಚು ಮಾತ್ರ ತಿಂಗಳು ತಿಂಗಳು. ಖಾತೆ ತುಂಬಿರುವುದನ್ನು ಕಂಡು ಅದರಲ್ಲೇ ಆಟಗಾರನೊಬ್ಬನ ಮೊದಲ ಕಂತು ಕಟ್ಟಿದರೆ ಋತುವಿನ ನಡುಭಾಗ ದಾಟುವಷ್ಟರಲ್ಲಿ ಸಂಬಳಕ್ಕೆ ತಡಕಾಡಬೇಕಾಗುತ್ತದೆ. ಇದಕ್ಕೆ ಮದ್ದು 13 ವಾರಗಳ ನಗದು ಹಾಳೆ. ಎಡಗಡೆ ವಾರಗಳು, ನಂತರ ಆರಂಭದ ಶಿಲ್ಕು, ಖಚಿತ ಜಮೆ, ಸಂಭವನೀಯ ಜಮೆ, ಸಂಬಳ, ತೆರಿಗೆ, ಟ್ರಾನ್ಸ್‌ಫರ್ ಕಂತು, ಇತರೆ, ಕೊನೆಯ ಶಿಲ್ಕು. ಪ್ರತಿ ಸೋಮವಾರ ಒಂದು ವಾರ ಅಳಿಸಿ ಕೊನೆಗೆ ಒಂದು ವಾರ ಸೇರಿಸುವುದು. ನಿಯಮ ಎರಡೇ: ಸಂಭವನೀಯ ಜಮೆಯನ್ನು ಕೊನೆಯ ಶಿಲ್ಕಿಗೆ ಕೂಡಿಸಬಾರದು, ಕೊನೆಯ ಶಿಲ್ಕು ಎರಡು ತಿಂಗಳ ಸಂಬಳಕ್ಕಿಂತ ಕೆಳಗಿಳಿಯುವ ವಾರ ಹಾಳೆಯಲ್ಲಿ ಕಂಡ ದಿನವೇ ಮಂಡಳಿಗೆ ತಿಳಿಸಬೇಕು.

‘ಸಂಭವನೀಯ’ ಎಂಬ ಅಂಕಣಕ್ಕೆ ಸಹಿಯಾದ ಒಪ್ಪಂದವೂ ಬೀಳಬಹುದು. ಐಟಿವಿ ಡಿಜಿಟಲ್ ಸಂಸ್ಥೆ ಇಂಗ್ಲಿಷ್ ಫುಟ್‌ಬಾಲ್ ಲೀಗಿನ (ಪ್ರೀಮಿಯರ್ ಲೀಗಿನ ಕೆಳಗಿನ ದರ್ಜೆಗಳನ್ನು ನಡೆಸುವ ಸಂಸ್ಥೆ) ಜೊತೆ 3 ವರ್ಷಕ್ಕೆ 31.5 ಕೋಟಿ ಪೌಂಡ್‌ಗಳ ಪ್ರಸಾರ ಒಪ್ಪಂದ ಮಾಡಿಕೊಂಡು 2002ರಲ್ಲಿ ಕುಸಿದುಬಿತ್ತು. ಆ ಹಣ ನಂಬಿ ಬಹುವರ್ಷದ ಸಂಬಳ ಒಪ್ಪಿಕೊಂಡಿದ್ದ ಹಲವು ಕ್ಲಬ್‌ಗಳು ದಿವಾಳಿ ಪ್ರಕ್ರಿಯೆಗೆ ಹೋದವು. ಕೊಡುವ ಸಂಸ್ಥೆಗೆ ಕೊಡುವ ಶಕ್ತಿ ಇದೆಯೇ, ಅದರ ಮಾತೃಸಂಸ್ಥೆಗಳು ಲಿಖಿತ ಖಾತರಿ ಕೊಟ್ಟಿವೆಯೇ ಎಂದು ಕೇಳದೆ ಬಿಟ್ಟ ಪ್ರಶ್ನೆಯ ಬೆಲೆ ಅದು.

ಕ್ಲಬ್ ಹಳಿ ತಪ್ಪುತ್ತಿದೆ ಎಂಬುದರ ಮೊದಲ ಗುರುತು ಯಾವುದು ಎಂದು ಕೇಳಿದರೆ ಅಂಕಪಟ್ಟಿ ನೋಡಬೇಡಿ, ತೆರಿಗೆ ಪಾವತಿ ನೋಡಿ ಎನ್ನುತ್ತೇವೆ. ಕಷ್ಟ ಬಂದ ಕ್ಲಬ್ ಮೊದಲು ಮುಂದೂಡುವುದು ಸಂಬಳದಿಂದ ಕಡಿದಿಟ್ಟ ತೆರಿಗೆಯನ್ನು. ಆಟಗಾರ ಗಲಾಟೆ ಮಾಡುತ್ತಾನೆ, ಇತರ ಕ್ಲಬ್‌ಗಳು ಲೀಗಿಗೆ ದೂರು ಕೊಡುತ್ತವೆ, ತೆರಿಗೆ ಇಲಾಖೆ ಮಾತ್ರ ಕೆಲವು ತಿಂಗಳು ಮೌನವಾಗಿರುತ್ತದೆ. ಬಡ್ಡಿಯಿಲ್ಲದ ಸಾಲದ ಹಾಗೆ ಕಾಣುತ್ತದೆ. ಮೌನ ಮುರಿದಾಗ ಬರುವುದು ಕಂಪನಿ ಮುಚ್ಚಿಸುವ ಅರ್ಜಿ.

ಲೆಕ್ಕಪುಸ್ತಕದ ಇನ್ನೊಂದು ತೊಡಕನ್ನು ಕ್ರೀಡಾ ನಿರ್ದೇಶಕರೂ ಅರ್ಥ ಮಾಡಿಕೊಳ್ಳಬೇಕು, ಲೆಕ್ಕಿಗರಿಗಷ್ಟೇ ಬಿಡುವಂಥದ್ದಲ್ಲ. 20ಕ್ಕೆ ಕೊಂಡ ಆಟಗಾರನಿಗೆ 5 ವರ್ಷದ ಒಪ್ಪಂದ ಇದ್ದರೆ ವರ್ಷಕ್ಕೆ 4ರಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷದ ನಂತರ ಅವನ ಪುಸ್ತಕ ಮೌಲ್ಯ 12. ಆಗ 9ಕ್ಕೆ ಮಾರಿದರೆ ಕೈಗೆ 9 ಬಂದರೂ ಪುಸ್ತಕದಲ್ಲಿ 3 ನಷ್ಟ. ಅಕಾಡೆಮಿಯಲ್ಲೇ ಬೆಳೆದ ಹುಡುಗನ ಪುಸ್ತಕ ಮೌಲ್ಯ ಸೊನ್ನೆ, ಅವನನ್ನು 9ಕ್ಕೆ ಮಾರಿದರೆ ಪೂರಾ 9 ಲಾಭ. ಅಭಿಮಾನಿಗಳಿಗೆ ಅತಿ ಪ್ರಿಯನಾದ ಸ್ವಂತ ಊರಿನ ಹುಡುಗನೇ ಯಾಕೆ ಮೊದಲು ಮಾರಾಟವಾಗುತ್ತಾನೆ ಎಂಬುದಕ್ಕೆ ಉತ್ತರ ಇಲ್ಲಿದೆ. ನಷ್ಟದ ಮಿತಿ ದಾಟಿದರೆ ಅಂಕವೇ ಹೋಗಬಹುದು: ಪ್ರೀಮಿಯರ್ ಲೀಗಿನ ಆಗಿನ ಮೂರು ವರ್ಷದ ನಷ್ಟದ ಮಿತಿ ಮೀರಿದ್ದಕ್ಕೆ 2023ರ ನವೆಂಬರಿನಲ್ಲಿ ಎವರ್ಟನ್ 10 ಅಂಕ ಕಳೆದುಕೊಂಡಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತನ್ನ ಟೂರ್ನಿಗಳಲ್ಲಿ ಆಡುವ ಕ್ಲಬ್‌ಗಳಿಗೆ ತಂಡದ ಒಟ್ಟು ವೆಚ್ಚ ಆದಾಯದ ಶೇ 70 ಮೀರಬಾರದೆಂದು ಹಂತ ಹಂತವಾಗಿ ನಿಯಮ ತಂದಿದೆ. ನಿಯಮ ಇರಲಿ ಬಿಡಲಿ, ಶೇ 70 ಎಂಬುದು ಒಳ್ಳೆಯ ಅಳತೆ. ಮೇಲಿನ ಮಾದರಿಯ ಕ್ಲಬ್ ಆಟಗಾರರ ಜೊತೆ ಉಳಿದ ಸಿಬ್ಬಂದಿಯ ಸಂಬಳ ಮತ್ತು ಕಂತು ಸೇರಿ ಶೇ 73ರಲ್ಲಿತ್ತು ಎಂಬುದನ್ನು ಗಮನಿಸಿರಬಹುದು.

ಈಗ ಎಲ್ಲರೂ ಕಾಯುತ್ತಿರುವ ವಿಷಯ: ಕೋಚ್‌ನನ್ನು ತೆಗೆಯುವುದು ಯಾವಾಗ?

ತಂಡ ಸತತ ಸೋತಾಗ ಕೋಚ್ ಬದಲಾಯಿಸಿದರೆ ಫಲಿತಾಂಶ ಸುಧಾರಿಸುತ್ತದೆ, ನಿಜ. ಆದರೆ ಅಷ್ಟೇ ಕೆಟ್ಟ ಸರಣಿಯಲ್ಲಿದ್ದು ಕೋಚ್ ಬದಲಾಯಿಸದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸುತ್ತವೆ ಎಂದು ಡಚ್ ಲೀಗಿನ ಅಂಕಿ ಅಂಶಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಎಂಟು ಹತ್ತು ಪಂದ್ಯಗಳಲ್ಲಿ ಅದೃಷ್ಟದ ಪಾಲು ಅಷ್ಟು ದೊಡ್ಡದು. ಹಾಗಾದರೆ ಯಾವುದನ್ನು ನಂಬುವುದು? ಅಂಕಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಡಿ: ಸೃಷ್ಟಿಸಿದ ಮತ್ತು ಬಿಟ್ಟುಕೊಟ್ಟ ಅವಕಾಶಗಳ ಗುಣಮಟ್ಟ, ಅಂದರೆ ನಿರೀಕ್ಷಿತ ಗೋಲುಗಳು, ಪ್ರಮುಖ ಆಟಗಾರರಲ್ಲಿ ಎಷ್ಟು ಮಂದಿ ಗಾಯದಿಂದ ಹೊರಗಿದ್ದಾರೆ, ಎದುರಾಳಿಗಳು ಎಷ್ಟು ಬಲಿಷ್ಠರು. ಅವಕಾಶಗಳ ಲೆಕ್ಕ ಚೆನ್ನಾಗಿದ್ದು ಫಲಿತಾಂಶ ಕೆಟ್ಟಿದ್ದರೆ ಕಾಯಿರಿ. ಎರಡೂ ಕೆಟ್ಟಿದ್ದು, ಅಭ್ಯಾಸದಲ್ಲಿ ಆಟಗಾರರು ಕೋಚ್ ಮಾತು ಕೇಳುವುದನ್ನು ಬಿಟ್ಟಿದ್ದರೆ ತಡಮಾಡಬೇಡಿ.

ಬ್ರೆಂಟ್‌ಫರ್ಡ್ ಕ್ಲಬ್ಬಿನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. 2018ರ ಅಕ್ಟೋಬರಿನಲ್ಲಿ ಅವರ ಕೋಚ್ ಡೀನ್ ಸ್ಮಿತ್ ಆಸ್ಟನ್ ವಿಲ್ಲಾಗೆ ಹೋದರು. ಕ್ಲಬ್ ಹೊರಗೆ ಹುಡುಕಲಿಲ್ಲ, ಸಹಾಯಕರಾಗಿದ್ದ ಥಾಮಸ್ ಫ್ರಾಂಕ್ ಅವರನ್ನು ಕೂರಿಸಿತು. ಮೊದಲ 10 ಪಂದ್ಯಗಳಲ್ಲಿ 8 ಸೋಲು. ಬೇರೆ ಕಡೆಯಾಗಿದ್ದರೆ ಅಷ್ಟರಲ್ಲಿ ಅವರ ಸಾಮಾನು ಕಟ್ಟಿಸಿರುತ್ತಿದ್ದರು. ಅಂಕಿ ಅಂಶ ನೆಚ್ಚಿ ನಡೆಯುವ ಈ ಕ್ಲಬ್ ಅವರನ್ನು ಉಳಿಸಿಕೊಂಡಿತು. 2020ರಲ್ಲಿ ಬಡ್ತಿಯ ಪ್ಲೇ-ಆಫ್ ಫೈನಲ್ ಸೋತರೂ ಉಳಿಸಿಕೊಂಡಿತು. 2021ರಲ್ಲಿ ತಂಡ ಪ್ರೀಮಿಯರ್ ಲೀಗಿಗೆ ಬಂತು. ಅಗ್ರ ದರ್ಜೆಗೆ 74 ವರ್ಷದ ನಂತರ.

ಇದರಿಂದ ‘ಕೋಚ್‌ನನ್ನು ಎಂದೂ ತೆಗೆಯಬಾರದು’ ಎಂಬ ಪಾಠ ಕಲಿಯಬೇಡಿ. ಕಲಿಯಬೇಕಾದದ್ದು, ಅಳತೆಗೋಲನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಋತು ಶುರುವಾಗುವ ಮೊದಲೇ ಪರಿಶೀಲನೆಯ ದಿನಗಳನ್ನು ಗೊತ್ತು ಮಾಡಿ, 10, 20, 30ನೇ ಪಂದ್ಯದ ನಂತರ ಎಂದು. ಸೋತ ರಾತ್ರಿ ಸಭೆ ಕರೆಯಬೇಡಿ. ಬದಲಿ ಕೋಚ್‌ಗಳ ಮೂರು ಹೆಸರಿನ ಪಟ್ಟಿ ಸದಾ ಸಿದ್ಧ ಇರಲಿ, ಆರು ತಿಂಗಳಿಗೊಮ್ಮೆ ಅದನ್ನು ತಿದ್ದಿ. ಆ ಮೂವರೂ ಈಗಿನ ತಂಡಕ್ಕೆ ಒಗ್ಗುವ ಶೈಲಿಯವರಾಗಿರಲಿ. ಒತ್ತಡದ ಆಟ ಆಡಿಸುವವರ ಜಾಗಕ್ಕೆ ರಕ್ಷಣಾತ್ಮಕ ಆಟದವರನ್ನು ತಂದರೆ ಎಂಟು ಹತ್ತು ಆಟಗಾರರು ಏಕಾಏಕಿ ನಿರುಪಯೋಗಿಗಳಾಗುತ್ತಾರೆ, ಅವರ ಸಂಬಳ ಮಾತ್ರ ನಡೆಯುತ್ತಿರುತ್ತದೆ. ಪರಿಹಾರದ ವಿಷಯ: ಕೋಚ್ ಒಬ್ಬರೇ ಬರುವುದಿಲ್ಲ, ಐದಾರು ಸಹಾಯಕರೊಡನೆ ಬರುತ್ತಾರೆ, ಹೋಗುವಾಗಲೂ ಅಷ್ಟೂ ಜನರ ಉಳಿದ ಅವಧಿಯ ಲೆಕ್ಕ ಕೊಡಬೇಕು. ಆದ್ದರಿಂದ ಪರಿಹಾರಕ್ಕೆ ಆರು ತಿಂಗಳ ಸಂಬಳದಂಥ ಮಿತಿ, ಅವರಿಗೆ ಹೊಸ ಕೆಲಸ ಸಿಕ್ಕ ದಿನ ನಮ್ಮ ಪಾವತಿ ನಿಲ್ಲುತ್ತದೆ ಎಂಬ ಷರತ್ತು, ಎರಡನ್ನೂ ನೇಮಕದ ದಿನವೇ ಬರೆಸಿ.

ಬಿದ್ದ ಮೇಲೆ ಏಳುವುದು ಹೇಗೆ ಎಂಬುದಕ್ಕೆ ಬೊರುಸ್ಸಿಯಾ ಡಾರ್ಟ್‌ಮುಂಡ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 2000ದಲ್ಲಿ ಷೇರುಪೇಟೆಗೆ ಹೋದ ಮೊದಲ ಜರ್ಮನ್ ಕ್ಲಬ್ ಅದು. ಆ ಹಣದಲ್ಲಿ ಆಟಗಾರರನ್ನು ಕೊಂಡರು, 2002ರಲ್ಲಿ ಚಾಂಪಿಯನ್ ಆದರು. ಕ್ರೀಡಾಂಗಣವನ್ನು ಹೂಡಿಕೆ ನಿಧಿಯೊಂದಕ್ಕೆ ಮಾರಿ ತಾವೇ ಬಾಡಿಗೆಗೆ ಕೂತರು. 2005ಕ್ಕೆ ಬಾಡಿಗೆ ಕಟ್ಟಲು ದುಡ್ಡಿರಲಿಲ್ಲ. ಅದಕ್ಕೂ ಮೊದಲೇ ಎದುರಾಳಿ ಬಯರ್ನ್ ಮ್ಯೂನಿಕ್‌ನಿಂದ 20 ಲಕ್ಷ ಯೂರೊ ಕೈಸಾಲ ಪಡೆದದ್ದೂ ಆಗಿತ್ತು. 2005ರ ಮಾರ್ಚ್ 14ರಂದು ಡಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಆ ನಿಧಿಯ ಹೂಡಿಕೆದಾರರ ಸಭೆ ನಡೆಯಿತು. ಅವರು ಪುನಶ್ಚೇತನ ಯೋಜನೆಗೆ ಒಪ್ಪದಿದ್ದರೆ ಕ್ಲಬ್ ಮುಗಿಯುತ್ತಿತ್ತು. ಒಪ್ಪಿದರು.

ಒಪ್ಪಿದ್ದು ಏಕೆ? ಅಷ್ಟರಲ್ಲಿ ಹಳೆಯ ಆಡಳಿತ ಬದಲಾಗಿ ಹಾನ್ಸ್-ಯೋಆಖಿಮ್ ವಾಟ್ಸ್‌ಕೆ ಅಧಿಕಾರಕ್ಕೆ ಬಂದಿದ್ದರು, ಕೈಯಲ್ಲಿ ಪೂರ್ತಿ ಲೆಕ್ಕ ಇತ್ತು. ಸಾಲ ಕೊಟ್ಟವರ ಮುಂದೆ ಹೋಗುವವರು ಇದನ್ನು ಗಮನಿಸಬೇಕು: ಅವರು ಕೆಟ್ಟ ಸುದ್ದಿಗೆ ಹೆದರುವುದಿಲ್ಲ, ಕಂತು ಕಂತಾಗಿ ಬರುವ ಕೆಟ್ಟ ಸುದ್ದಿಗೆ ಹೆದರುತ್ತಾರೆ. ಮೊದಲ ಸಭೆಯಲ್ಲೇ ಎಲ್ಲವನ್ನೂ ಹೇಳಿ, ಯಾರಿಗೆ ಎಷ್ಟು, ಯಾವಾಗ ಎಂಬ ಒಂದೇ ಪಟ್ಟಿ ಕೊಟ್ಟು, ಎಲ್ಲರಿಗೂ ಅದೇ ಪಟ್ಟಿ ಕೊಡಬೇಕು. ಎರಡನೇ ಸಭೆಯಲ್ಲಿ ಹೊಸ ಸಾಲವೊಂದು ಹೊರಬಂದರೆ ಮೂರನೇ ಸಭೆ ಇರುವುದಿಲ್ಲ.

ಮುಂದಿನ ಮೂರು ವರ್ಷ ಡಾರ್ಟ್‌ಮುಂಡ್ ಏನೂ ಗೆಲ್ಲಲಿಲ್ಲ. ಆ ಅವಧಿಯ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ನಾಯಕತ್ವ ಎಂಬುದೇನಾದರೂ ಇದ್ದರೆ ಅಲ್ಲಿ ಇತ್ತು. ಕ್ರೀಡಾಂಗಣದ ಹೆಸರಿನ ಹಕ್ಕನ್ನು ವಿಮಾ ಕಂಪನಿಗೆ ಮಾರಿದರು, ಸಾಲ ಎತ್ತಿ ಕ್ರೀಡಾಂಗಣವನ್ನೇ ವಾಪಸ್ ಕೊಂಡರು, ಸಂಬಳ ಇಳಿಸಿದರು. 2008ರಲ್ಲಿ ಯೂರ್ಗನ್ ಕ್ಲಾಪ್ ಕೋಚ್ ಆಗಿ ಬಂದಾಗ ಅವರಿಗೆ ಕೊಟ್ಟದ್ದು ದೊಡ್ಡ ಹೆಸರುಗಳನ್ನಲ್ಲ, ಎಳೆಯರನ್ನು. 2010ರಲ್ಲಿ ಜಪಾನಿನಿಂದ ಶಿಂಜಿ ಕಗಾವಾ ಅವರನ್ನು 3.5 ಲಕ್ಷ ಯೂರೊಗೆ ತಂದರು. 2011, 2012ರಲ್ಲಿ ಸತತ ಎರಡು ಲೀಗ್ ಪ್ರಶಸ್ತಿ ಬಂತು.

ಸಂಬಳ ಕಡಿತಕ್ಕೆ ಕ್ರಮ ಇದೆ. ಮೊದಲು ಆಡಳಿತದ ಮೇಲ್ಸ್ತರ, ನಂತರ ಕೋಚ್ ಮತ್ತು ಆಟಗಾರರು, ಕಟ್ಟಕಡೆಗೆ ಟಿಕೆಟ್ ಕೌಂಟರು, ಮೈದಾನ, ಲಾಂಡ್ರಿ ಸಿಬ್ಬಂದಿ. ಮೈದಾನ ನೋಡಿಕೊಳ್ಳುವ ನಾಲ್ಕು ಜನರನ್ನು ತೆಗೆದರೆ ಉಳಿಯುವುದು ಒಬ್ಬ ಬದಲಿ ಆಟಗಾರನ ಕೆಲವು ವಾರದ ಸಂಬಳ. ಹುಲ್ಲು ಹಾಳಾಗಿ ಮಂಡಿ ತಿರುಚಿಕೊಂಡವರ ಲೆಕ್ಕ ಬೇರೆ. ಸುದ್ದಿ ಹೇಳುವುದಕ್ಕೂ ಕ್ರಮ ಇದೆ: ಆಟಗಾರರು ಮತ್ತು ಸಿಬ್ಬಂದಿ, ಆಮೇಲೆ ಅಭಿಮಾನಿ ಸಂಘದವರು, ಆಮೇಲೆ ಪತ್ರಕರ್ತರು. ಮೂರೂ ಒಂದೇ ದಿನ, ಕೆಲವೇ ಗಂಟೆಗಳ ಅಂತರದಲ್ಲಿ. ಲಾಂಡ್ರಿಯವರು ತಮ್ಮ ಕೆಲಸದ ಭವಿಷ್ಯವನ್ನು ಫೋನಿನಲ್ಲಿ ಓದಿ ತಿಳಿಯುವಂತಾದರೆ ಆ ಕ್ಲಬ್ಬಿನ ಒಳಗುಟ್ಟು ಮರುದಿನದಿಂದ ಹೊರಗೆ ಹೋಗಲು ಶುರುವಾಗುತ್ತದೆ.

ದುಡ್ಡಿನಿಂದ ಬಾರದ ಆಪತ್ತೂ ಇದೆ. 2016ರ ನವೆಂಬರ್ 28ರಂದು ಬ್ರೆಜಿಲ್‌ನ ಶಾಪೆಕೋಯೆನ್ಸ್ ತಂಡ ದಕ್ಷಿಣ ಅಮೆರಿಕದ ಕ್ಲಬ್ ಟೂರ್ನಿ ಕೋಪಾ ಸುಡಾಮೆರಿಕಾನಾದ ಫೈನಲ್ ಆಡಲು ಹೋಗುತ್ತಿದ್ದ ಬಾಡಿಗೆ ವಿಮಾನ ಕೊಲಂಬಿಯಾದ ಮೆಡೆಯಿನ್ ಬಳಿ ಇಂಧನ ಮುಗಿದು ಬಿತ್ತು. ವಿಮಾನದಲ್ಲಿದ್ದ 77 ಜನರಲ್ಲಿ 71 ಮಂದಿ ಸತ್ತರು. ಎದುರಾಳಿ ಅಟ್ಲೆಟಿಕೊ ನಾಸಿಯೊನಾಲ್ ಪ್ರಶಸ್ತಿಯನ್ನು ಶಾಪೆಕೋಯೆನ್ಸ್‌ಗೇ ಕೊಡಿ ಎಂದಿತು, ಬ್ರೆಜಿಲ್‌ನ ಇತರ ಕ್ಲಬ್‌ಗಳು ಆಟಗಾರರನ್ನು ಎರವಲು ಕೊಡಲು ಮುಂದೆ ಬಂದವು. ಮರುವರ್ಷ ಹೊಸ ತಂಡ ತನ್ನ ರಾಜ್ಯ ಚಾಂಪಿಯನ್‌ಷಿಪ್ ಗೆದ್ದಿತು. ಮೃತರ ಕುಟುಂಬಗಳ ವಿಮಾ ಪರಿಹಾರದ ಜಗಳ ಮಾತ್ರ ವರ್ಷಗಟ್ಟಲೆ ಎಳೆಯಿತು. ಕ್ಲಬ್ ನಡೆಸುವವರ ಪಾಲಿನ ಕೆಲಸ ಇಷ್ಟು: ಬಾಡಿಗೆ ವಿಮಾನ ಅಥವಾ ಬಸ್ ಗೊತ್ತುಮಾಡುವ ಅಧಿಕಾರ ಒಬ್ಬರಿಗೇ ಬೇಡ, ಎರಡು ಸಹಿ ಇರಲಿ, ಕಂಪನಿಯ ಪರವಾನಗಿ ಮತ್ತು ಆ ಮಾರ್ಗಕ್ಕೆ ಅನ್ವಯಿಸುವ ವಿಮೆಯ ಪ್ರತಿ ಮುಂಗಡ ಕೊಡುವ ಮೊದಲೇ ಕೈಗೆ ಬರಲಿ, ಪ್ರಯಾಣಿಸುವ ಪ್ರತಿಯೊಬ್ಬರ ಮನೆಯವರ ಫೋನ್ ನಂಬರು ಪ್ರಯಾಣಿಸದ ಇಬ್ಬರ ಬಳಿ ಇರಲಿ. ಕೊನೆಯದನ್ನು ಬಹಳ ಕ್ಲಬ್‌ಗಳು ಮಾಡುವುದಿಲ್ಲ. ಪಟ್ಟಿ ತಂಡದ ಮ್ಯಾನೇಜರರ ಚೀಲದಲ್ಲಿರುತ್ತದೆ, ಮ್ಯಾನೇಜರರು ವಿಮಾನದಲ್ಲಿರುತ್ತಾರೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಕ್ಲಬ್ಬಿನ ಒಡೆತನ ಅಭಿಮಾನಿಗಳ ಕೈಯಲ್ಲಿದ್ದರೆ ಈ ಅಪಾಯಗಳು ತಪ್ಪುತ್ತವೆಯೇ?

ಪೂರ್ತಿ ತಪ್ಪುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ 2008ರಲ್ಲಿ ಅಲ್ಲಿನ ಪ್ರಮುಖ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದು 2010ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2013ರಲ್ಲಿ ಅಭಿಮಾನಿಗಳ ಟ್ರಸ್ಟ್ ಅದನ್ನು ಕೊಂಡು ಉಳಿಸಿತು, ಹಳೆ ಸಾಲ ತೀರಿಸಿತು, ನಾಲ್ಕನೇ ದರ್ಜೆ ಗೆದ್ದಿತು. ಬೆಳೆಯಲು ಬೇಕಾದ ಬಂಡವಾಳ ಇಲ್ಲವೆಂದು 2017ರಲ್ಲಿ ಸದಸ್ಯರೇ ಮತ ಹಾಕಿ ಅಮೆರಿಕದ ಹೂಡಿಕೆದಾರರಿಗೆ ಮಾರಿದರು. ಅದು ಸೋಲೇನಲ್ಲ, ಸಾಲವಿಲ್ಲದ ಕ್ಲಬ್ ಆಗಿದ್ದರಿಂದ ಆಯ್ಕೆ ಅವರ ಕೈಯಲ್ಲಿತ್ತು. ಜರ್ಮನಿಯಲ್ಲಿ ಮತಾಧಿಕಾರದ ಶೇ 50 ಮತ್ತು ಇನ್ನೊಂದು ಮತ ಮೂಲ ಸಂಘದಲ್ಲೇ ಇರಬೇಕೆಂಬ ನಿಯಮ ಇದೆ. ಆ ನಿಯಮದ ಅಡಿಯಲ್ಲೇ ಡಾರ್ಟ್‌ಮುಂಡ್ ಮುಳುಗುವ ಹಂತಕ್ಕೆ ಹೋದದ್ದು. ಹೊರಗಿನವರು ಬಂದು ಕ್ಲಬ್ ಕಸಿಯುವುದನ್ನು ಆ ನಿಯಮ ತಡೆಯುತ್ತದೆ, ಒಳಗಿನವರ ಅತಿಖರ್ಚನ್ನು ತಡೆಯುವುದಿಲ್ಲ.

ನಮ್ಮದು ಸಣ್ಣ ಕ್ಲಬ್, ಹಣಕಾಸಿಗೆ ಪ್ರತ್ಯೇಕ ವಿಭಾಗವೂ ಇಲ್ಲ. ಎಲ್ಲಿಂದ ಶುರು ಮಾಡುವುದು?

ಎಲ್ಲ ಆಟಗಾರರ ಮತ್ತು ಕೋಚ್‌ಗಳ ಒಪ್ಪಂದಗಳನ್ನು ಒಂದೇ ಮೇಜಿನ ಮೇಲೆ ತೆಗೆದಿಡಿ. ಒಂದು ಹಾಳೆಯಲ್ಲಿ ಆರು ಅಂಕಣ ಎಳೆಯಿರಿ: ಹೆಸರು, ವರ್ಷದ ಸಂಬಳ, ಮುಗಿಯುವ ದಿನ, ಹಿಂಬಡ್ತಿಯಾದರೆ ಸಂಬಳ, ಬಿಡುಗಡೆ ಮೊತ್ತ, ಬಾಕಿ ಕಂತು. ಎರಡು ಮೂರು ದಿನದ ಕೆಲಸ. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಒಪ್ಪಂದ ಮುಗಿಯುತ್ತಿದ್ದರೆ ಈ ಋತುವಿನಲ್ಲೇ ಕೆಲವನ್ನು ನವೀಕರಿಸಿ, ಷರತ್ತು ಸೇರಿಸಿ. ನಾಲ್ಕನೇ ಅಂಕಣದ ಮೊತ್ತವನ್ನು ಕೂಡಿ. ಕೆಳದರ್ಜೆಯಲ್ಲಿ ನಿಮಗೆ ಖಚಿತವಾಗಿ ಬರುವ ಆದಾಯದ ಮುಕ್ಕಾಲು ಪಾಲಿಗಿಂತ ಅದು ಹೆಚ್ಚಿದ್ದರೆ, ಮುಂದಿನ ಮಂಡಳಿ ಸಭೆಯಲ್ಲಿ ಹೊಸ ಆಟಗಾರನ ಖರೀದಿಗಿಂತ ಮೊದಲು ಆ ಹಾಳೆಯನ್ನು ಚರ್ಚೆಗೆ ಇಡಿ.